ಖಾಲಿ ರೈಲು ಓಡುವ ತಿಂಗಳುಗಳು

ಚೆನ್ನೈ ಮೆಟ್ರೋ ಎರಡನೇ ಹಂತದ ನಾಲ್ಕನೇ ಕಾರಿಡಾರ್ ಮರೀನಾದ ಲೈಟ್‌ಹೌಸ್‌ನಿಂದ ಪಶ್ಚಿಮಕ್ಕೆ ಪೂನಮಲ್ಲಿ ಬೈಪಾಸ್‌ವರೆಗೆ ಹೋಗುತ್ತದೆ. ಒಟ್ಟು 26.1 ಕಿಲೋಮೀಟರ್. ಕೋಡಂಬಾಕ್ಕಂವರೆಗೆ ಸುರಂಗ, ಅಲ್ಲಿಂದ ಆಚೆಗೆ ಕಂಬಗಳ ಮೇಲಿನ ದಾರಿ. ಇದರ ಪೂನಮಲ್ಲಿ ತುದಿ ಮೊದಲು ಸಿದ್ಧವಾಯಿತು. 2024ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಡಿಪೊದ ಪರೀಕ್ಷಾ ಹಳಿಯ ಮೇಲೆ ಮೊದಲ ರೈಲು ಉರುಳಿತು. 2025ರ ಮಾರ್ಚ್ 20ರಂದು ಪೂನಮಲ್ಲಿಯಿಂದ ಮುಲ್ಲೈತೋಟಂವರೆಗೆ ಸುಮಾರು ಎರಡೂವರೆ ಕಿಲೋಮೀಟರ್ ಓಡಿತು. ಏಪ್ರಿಲ್ ಕೊನೆಗೆ ಪೋರೂರು ತಲುಪಿತು.

ನಾನು ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಬದುಕು ಸವೆಸಿ ನಿವೃತ್ತನಾದವನು. ಹುಟ್ಟಿದ್ದು ಮಲೆನಾಡಿನ ಕಡೆ, ನೆಲೆ ನಿಂತದ್ದು ಕಾಟ್ಟುಪಾಕ್ಕಂನಲ್ಲಿ. ಮನೆಯ ತಾರಸಿಗೆ ಹತ್ತಿದರೆ ಮೌಂಟ್–ಪೂನಮಲ್ಲಿ ರಸ್ತೆಯ ನಡುವೆ ಸಾಲಾಗಿ ನಿಂತ ಕಂಬಗಳು, ಅವುಗಳ ಮೇಲೆ ಹಳಿ ಕಾಣುತ್ತವೆ. ಬೆಂಗಳೂರಿನ ಹಳದಿ ಮಾರ್ಗದ ಪರೀಕ್ಷೆಯನ್ನೂ ಎಲೆಕ್ಟ್ರಾನಿಕ್ ಸಿಟಿ ಬಳಿಯ ನೆಂಟರ ಮನೆಯಿಂದ ನೋಡಿದ್ದೇನೆ. ಒಂದು ರೈಲು ಮಾರ್ಗದ ಆಯುಷ್ಯದಲ್ಲಿ ಉದ್ಘಾಟನೆಯ ದಿನಕ್ಕಿಂತ ದೊಡ್ಡವು ಅದಕ್ಕೆ ಮುಂಚಿನ ಖಾಲಿ ಓಟದ ತಿಂಗಳುಗಳು ಎಂಬುದು ನನ್ನ ಗಟ್ಟಿ ನಂಬಿಕೆ. ಆ ತಿಂಗಳುಗಳನ್ನು ನೋಡುತ್ತ ಕಲಿತದ್ದು ಇಲ್ಲಿದೆ.

1. ರೈಲು ಕಾಣಿಸುವ ಮೊದಲೇ ಪರೀಕ್ಷೆ ಶುರುವಾಗಿರುತ್ತದೆ

ಪತ್ರಿಕೆಯ ಒಳಪುಟದಲ್ಲಿ ಒಂದು ದಿನ ಚಿಕ್ಕ ಪ್ರಕಟಣೆ ಬರುತ್ತದೆ. ಇಂಥ ದಿನದಿಂದ ಇಂಥ ನಿಲ್ದಾಣಗಳ ನಡುವಿನ ಮೇಲ್ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತದೆ, ಯಾರೂ ಹತ್ತಿರ ಹೋಗಬೇಡಿ ಎಂದು. ಮಾರ್ಗ ಜೀವ ತಳೆದ ಸುದ್ದಿ ಅದು. ಬೆಂಗಳೂರಿನ ನಮ್ಮ ಮೆಟ್ರೋ ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ನೇರ ವಿದ್ಯುತ್ ಪಡೆಯುತ್ತದೆ. ಹಾಗಾಗಿ ಅಲ್ಲಿಂದ ಬಂದವರಿಗೆ ಇಲ್ಲಿನ ಮೇಲ್ತಂತಿಯ ಅಪಾಯ ಸುಲಭಕ್ಕೆ ಅಂದಾಜಾಗುವುದಿಲ್ಲ. 25,000 ವೋಲ್ಟ್ ಇರುವಲ್ಲಿ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಸಾಕು. ಒದ್ದೆ ಗಾಳಿಪಟದ ದಾರ, ಬಟ್ಟೆ ಒಣಗಿಸುವ ಕಬ್ಬಿಣದ ಗಳ, ಪಕ್ಕದ ಕಟ್ಟಡದ ಬಣ್ಣದವನ ಏಣಿ, ಇವೆಲ್ಲ ಆ ದಿನದಿಂದ ಹೊಸ ಲೆಕ್ಕಕ್ಕೆ ಬರುತ್ತವೆ. ನಮ್ಮ ಬೀದಿಯ ಮಕ್ಕಳಿಗೆ ಇದನ್ನು ಕೂರಿಸಿಕೊಂಡು ಹೇಳಿದ್ದೇನೆ. ಹೊಸ ಮಾರ್ಗದ ಪಕ್ಕ ಇರುವ ಪ್ರತಿ ಮನೆಯವರೂ ಹೇಳಬೇಕು.

ಅದಕ್ಕೂ ಮುಂಚೆ ಅಳತೆಯ ಚೌಕಟ್ಟು ಹೊತ್ತ ಗಾಡಿಯೊಂದು ನಿಧಾನವಾಗಿ ಸಾಗುತ್ತದೆ. ರೈಲಿನ ಮೈ ಎಲ್ಲಿಯೂ ಪ್ಲಾಟ್‌ಫಾರ್ಮ್ ಅಂಚಿಗೆ, ಕಂಬಕ್ಕೆ, ಫಲಕಕ್ಕೆ ತಗುಲಬಾರದು. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ, ತುದಿ ಹೊರಕ್ಕೆ ಚಾಚುವುದರಿಂದ ನೇರ ಹಳಿಯಲ್ಲಿ ಸಾಕಾದ ಜಾಗ ತಿರುವಿನಲ್ಲಿ ಸಾಲದು. ಈ ಗಾಡಿಯ ಓಟವನ್ನು ಯಾರೂ ಫೋಟೊ ತೆಗೆಯುವುದಿಲ್ಲ.

2. ಹೂಮಾಲೆಯ ಓಟದಿಂದ ಮಾರ್ಗದ ಗುಣ ತಿಳಿಯುವುದಿಲ್ಲ

ಮೊದಲ ಓಟಕ್ಕೆ ಮಂತ್ರಿಗಳು, ಅಧಿಕಾರಿಗಳು, ಕ್ಯಾಮೆರಾಗಳು ಬರುತ್ತವೆ. ರೈಲಿಗೆ ಮಾಲೆ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುತ್ತಾರೆ. ಮರುದಿನ ತಮಿಳು ಪತ್ರಿಕೆಗಳಲ್ಲಿ ‘ಸೋದನೈ ಓಟ್ಟಂ’, ಅಂದರೆ ಪರೀಕ್ಷಾ ಓಟ, ಎಂದು ದಪ್ಪಕ್ಷರದ ತಲೆಬರಹ. ಆ ಸಂಭ್ರಮ ಬೇಕು. ವರ್ಷಗಟ್ಟಲೆ ದೂಳು, ಬ್ಯಾರಿಕೇಡು, ಅರ್ಧವಾದ ರಸ್ತೆ ಸಹಿಸಿದ ಪೂನಮಲ್ಲಿ, ಕುಮಣನ್‌ಚಾವಡಿಯ ಜನರಿಗೆ ಅಷ್ಟಾದರೂ ಸಿಗಬೇಕು. ಆದರೆ ಆವತ್ತು ರೈಲು ನಡಿಗೆಗಿಂತ ಸ್ವಲ್ಪ ಬೇಗ ಹೋಗಿ ಹಿಂದಿರುಗುತ್ತದೆ, ಅಷ್ಟೆ. ನಿಜವಾದ ಕೆಲಸ ಕ್ಯಾಮೆರಾಗಳು ಹೋದ ಮೇಲೆ, ಹೆಚ್ಚಾಗಿ ರಾತ್ರಿ, ಒಳಗೆ ದೀಪ ಉರಿಯುವ ಖಾಲಿ ಬೋಗಿಗಳಲ್ಲಿ ನಡೆಯುತ್ತದೆ.

3. ನಡುದಾರಿಯಲ್ಲಿ ರೈಲು ನಿಂತರೆ ಕೆಟ್ಟಿತು ಅನ್ನಬೇಡಿ

ಕರೈಯಾನ್‌ಚಾವಡಿಯ ಚಹಾದಂಗಡಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ‘ನೋಡಿ, ಈಗಲೇ ನಿಂತುಬಿಟ್ಟಿತು’ ಎಂಬುದು. ವೇಗವಾಗಿ ಬಂದ ರೈಲು ಗಕ್ಕನೆ ನಿಲ್ಲುತ್ತದೆ, ಹತ್ತು ನಿಮಿಷ ಅಲ್ಲೇ ಇರುತ್ತದೆ, ಹಿಂದಕ್ಕೆ ಹೋಗಿ ಮತ್ತೆ ಅದೇ ವೇಗದಲ್ಲಿ ಬಂದು ಅದೇ ಜಾಗದಲ್ಲಿ ನಿಲ್ಲುತ್ತದೆ. ಯಾರೋ ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಅಷ್ಟರಲ್ಲಿ ಊರೆಲ್ಲ ‘ಹೊಸ ಮೆಟ್ರೋ ಕೆಟ್ಟು ನಿಂತಿತು’ ಎಂದು ಸುದ್ದಿ.

ನೀವು ನೋಡಿದ್ದು ತುರ್ತು ಬ್ರೇಕಿನ ಪರೀಕ್ಷೆ. ಎರಡನೇ ಹಂತದ ರೈಲುಗಳ ವಿನ್ಯಾಸ ವೇಗ ಗಂಟೆಗೆ 90 ಕಿ.ಮೀ., ಓಡಿಸುವ ಗರಿಷ್ಠ ವೇಗ 80. ಭಾರತದ ಮೆಟ್ರೋ ರೈಲುಗಳಲ್ಲಿ ತುರ್ತು ಬ್ರೇಕು ಸಾಮಾನ್ಯವಾಗಿ ಪ್ರತಿ ಸೆಕೆಂಡಿಗೆ ವೇಗವನ್ನು ಗಂಟೆಗೆ ನಾಲ್ಕೂವರೆ ಕಿಲೋಮೀಟರಿನಷ್ಟು ಇಳಿಸುತ್ತದೆ. 80ರ ವೇಗದಿಂದ ಪೂರ್ತಿ ನಿಲ್ಲಲು ಸುಮಾರು 200 ಮೀಟರ್ ಬೇಕು ಎಂದಾಯಿತು. ಸಿಗ್ನಲ್ ವ್ಯವಸ್ಥೆ ಎರಡು ರೈಲುಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬುದು ಈ ಅಂಕಿಯ ಮೇಲೆಯೇ ನಿಂತಿದೆ. ಆದ್ದರಿಂದ ಕಾಗದದ ಲೆಕ್ಕ ಸಾಲದು, ಹಳಿಯ ಮೇಲೆ ಅಳೆಯಬೇಕು. ಒಂದು ಸಲ ಅಳೆದರೂ ಸಾಲದು. ಒಣ ಹಳಿಯಲ್ಲಿ, ನೀರು ಚಿಮುಕಿಸಿದ ಹಳಿಯಲ್ಲಿ, ಖಾಲಿ ಬೋಗಿಯಲ್ಲಿ, ಭಾರ ತುಂಬಿದ ಬೋಗಿಯಲ್ಲಿ ಬೇರೆ ಬೇರೆಯಾಗಿ ಅಳೆಯಬೇಕು.

ನಮ್ಮೂರ ಕಡೆ ಹೊಸ ಹೋರಿಗಳನ್ನು ಮೊದಲು ಖಾಲಿ ಗಾಡಿಗೆ ಹೂಡಿ, ಆಮೇಲಷ್ಟೆ ಹೇರು ಹಾಕುತ್ತಿದ್ದರು. ಇಲ್ಲೂ ಕ್ರಮ ಅದೇ. ಮೂರು ಬೋಗಿಗಳ ಈ ರೈಲು ಸುಮಾರು 1,000 ಜನರನ್ನು ಹೊರಬೇಕು. ತಲೆಗೆ 65 ಕಿಲೋ ಹಿಡಿದರೆ 65 ಟನ್. ಅಷ್ಟು ಭಾರವನ್ನು ಮರಳು ಮೂಟೆಗಳಾಗಿಯೋ ಕಬ್ಬಿಣದ ತುಂಡುಗಳಾಗಿಯೋ ಒಳಗೆ ಹೇರುತ್ತಾರೆ. ಲಕ್ನೋದಲ್ಲಿ ಕೇಂದ್ರ ಕಚೇರಿ ಇರುವ ಆರ್‌ಡಿಎಸ್‌ಒ, ಅಂದರೆ ರೈಲ್ವೆಯ ಸಂಶೋಧನೆ ಮತ್ತು ಗುಣಮಟ್ಟ ಸಂಸ್ಥೆಯ ತಂಡ ಬಂದು, ಚಕ್ರದಚ್ಚಿನ ಪೆಟ್ಟಿಗೆಯಿಂದ ಹಿಡಿದು ಬೋಗಿಯ ನೆಲದವರೆಗೆ ಸಂವೇದಕಗಳನ್ನು ಕೂರಿಸಿ, ರೈಲು ಎಷ್ಟು ಅಲುಗುತ್ತದೆ, ಎಷ್ಟು ಕುಪ್ಪಳಿಸುತ್ತದೆ ಎಂದು ದಾಖಲಿಸುತ್ತದೆ. ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಜನರನ್ನು ಹೊತ್ತು ಓಡುವ ವೇಗಕ್ಕಿಂತ ಸ್ವಲ್ಪ ಮೇಲಕ್ಕೂ ಹೋಗಿ ನೋಡುತ್ತಾರೆ. ಇದಾದ ಮೇಲಷ್ಟೆ ವೇಗದ ಪ್ರಮಾಣಪತ್ರ.

ನನ್ನ ವೃತ್ತಿಯಲ್ಲಿ ನಾವು ಒಂದು ಮಾತು ಹೇಳುತ್ತಿದ್ದೆವು. ದೋಷವೇ ಸಿಗದ ಪರೀಕ್ಷೆಯನ್ನು ಇನ್ನೊಂದು ಸಲ ಮಾಡು ಎಂದು. ಪರೀಕ್ಷೆಯಲ್ಲಿ ಬಾಗಿಲು ಸಿಕ್ಕಿಕೊಂಡರೆ, ತಂತಿಯ ಬಿಗಿತ ತಪ್ಪಿದರೆ, ತಂತ್ರಾಂಶ ಕೈಕೊಟ್ಟರೆ ಸಂತೋಷಪಡಬೇಕು. ಅಷ್ಟೂ ದೋಷಗಳು ಗರ್ಭಿಣಿಯರು, ಮುದುಕರು, ಶಾಲೆಯ ಮಕ್ಕಳು ಒಳಗಿಲ್ಲದಾಗಲೇ ಸಿಕ್ಕವು.

4. ಕಣ್ಣಿನಷ್ಟೇ ಕಿವಿಯನ್ನೂ ಬಳಸಿ

ರಸ್ತೆಯಿಂದ ನೋಡುವವರಿಗೆ ಹಳಿ ಕಾಣುವುದಿಲ್ಲ, ಆದರೆ ಕೇಳಿಸುತ್ತದೆ. ಹಳಿಗಳನ್ನು ಬೆಸೆದಿರುವುದರಿಂದ ಹಳೆಯ ರೈಲಿನ ಲಯದ ಸದ್ದು ಇಲ್ಲ. ಒಂದು ದಾರಿಯಿಂದ ಇನ್ನೊಂದಕ್ಕೆ ದಾಟುವ ಕೂಡುಹಳಿಯಲ್ಲಿ ಮಾತ್ರ ಟಕಟಕ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜಿ ಕೀರಲು ಬರುತ್ತದೆ. ಬ್ರೇಕ್ ಹಾಕಿದಾಗ ಮೋಟಾರು ಜನರೇಟರಾಗಿ ವಿದ್ಯುತ್ತನ್ನು ಮೇಲ್ತಂತಿಗೆ ಮರಳಿಸುತ್ತ ಇಳಿದನಿಯಲ್ಲಿ ಗುನುಗುತ್ತದೆ. ಕೊನೆಯ ಕೆಲವು ಮೀಟರಿನಲ್ಲಿ ಘರ್ಷಣೆಯ ಬ್ರೇಕು ಹಿಡಿದುಕೊಳ್ಳುತ್ತದೆ. ರಾತ್ರಿ ರೈಲಿನ ನೆತ್ತಿಯ ಪ್ಯಾಂಟೋಗ್ರಾಫ್ ತಂತಿಗೆ ತಾಗುವಲ್ಲಿ ನೀಲಿ ಕಿಡಿ ಕಾಣುವುದೂ ಉಂಟು. ಒಂದೇ ಜಾಗದಲ್ಲಿ ಪ್ರತಿ ಓಟದಲ್ಲೂ ಕಿಡಿ ಬಂದರೆ ಅಲ್ಲಿ ತಂತಿಯ ಹೊಂದಾಣಿಕೆ ಬಾಕಿ ಇದೆ ಎಂದರ್ಥ. ವಾರಗಳು ಕಳೆದಂತೆ ಈ ಕೀರಲು, ಕಿಡಿ ಕಡಿಮೆಯಾಗುವುದನ್ನು ಗಮನಿಸುವುದಕ್ಕಿಂತ ಹೆಚ್ಚಿನ ಖುಷಿ ನನಗೆ ಈ ಹವ್ಯಾಸದಲ್ಲಿ ಸಿಕ್ಕಿಲ್ಲ. ಮೇಲೆ ಯಾರೋ ಪ್ರತಿ ರಾತ್ರಿ ಸರಿಪಡಿಸುತ್ತಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.

ಮನೆಯ ಕಿಟಕಿಗೆ ಸದ್ದು ಮಿತಿಮೀರಿ ಬರುತ್ತಿದ್ದರೆ ಈ ಹಂತದಲ್ಲೇ ಬರೆದು ತಿಳಿಸಿ. ಜನರ ಸಂಚಾರ ಶುರುವಾದ ಮೇಲೆ ಹಳಿಯ ಕೆಲಸಕ್ಕೆ ಸಿಗುವುದು ರಾತ್ರಿಯ ಕೆಲವೇ ಗಂಟೆ.

5. ಮಳೆ ಕಾಣದ ಪರೀಕ್ಷೆ ಅರ್ಧ ಪರೀಕ್ಷೆ

ಇದನ್ನು ಚೆನ್ನೈಗೆ ಅದರ ಚರಿತ್ರೆಯೇ ಕಲಿಸಿದೆ. ಭಾರತದ ಮೊದಲ ವಿದ್ಯುತ್ ಟ್ರಾಮ್ ಓಡಿದ್ದು ಇಲ್ಲಿ, 1895ರ ಮೇ 7ರಂದು. ಕಲ್ಕತ್ತ, ಮುಂಬಯಿಗಳಿಗಿಂತ ಮೊದಲು. ಆಗ ಬೀದಿಯಲ್ಲಿ ಕಂಬ, ತಂತಿ ಬೇಡವೆಂದು ರಸ್ತೆಯ ನಡುವೆ ಸೀಳುಗಾಲುವೆ ಮಾಡಿ, ಅದರೊಳಗೆ ವಿದ್ಯುತ್ ವಾಹಕ ಹಾಕಿದ್ದರು. ಮೇ ತಿಂಗಳ ಒಣ ಮದ್ರಾಸಿನಲ್ಲಿ ಅದು ಚೆನ್ನಾಗಿಯೇ ನಡೆದಿರಬೇಕು. ಈಶಾನ್ಯ ಮಾರುತದ ಮಳೆ ಸುರಿದಾಗ ಆ ಕಾಲುವೆ ನೀರಿನಿಂದ ತುಂಬಿತು. ಕೊನೆಗೆ ಮೇಲ್ತಂತಿಗೇ ಬದಲಾಗಬೇಕಾಯಿತು. ಹಾಗೆ ಬದಲಾದ ಟ್ರಾಮ್ 1953ರ ಏಪ್ರಿಲ್‌ವರೆಗೂ ಊರನ್ನು ಸುತ್ತಿತು.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈಯ ಆಕಾಶ ಏನು ಮಾಡಬಲ್ಲದು ಎಂಬುದನ್ನು 2015ರ ನೆರೆಯಲ್ಲೂ 2023ರ ಮಿಚಾಂಗ್ ಚಂಡಮಾರುತದಲ್ಲೂ ಕಂಡಿದ್ದೇವೆ. 2015ರಲ್ಲಿ ರಸ್ತೆಗಳು ಮುಳುಗಿದಾಗ ಆಗಷ್ಟೇ ಶುರುವಾಗಿದ್ದ ಕೋಯಂಬೇಡು–ಆಲಂದೂರು ಮೆಟ್ರೋ ಓಡುತ್ತಲೇ ಇತ್ತು, ಸಾವಿರಾರು ಜನರಿಗೆ ಅದೇ ದಾರಿಯಾಯಿತು. ಅಂಥ ದಿನ ನಿಲ್ಲದೆ ಓಡಬೇಕಾದರೆ ಮಳೆಯಲ್ಲಿ ಬ್ರೇಕು ಹಿಡಿಯುತ್ತದೆಯೇ, ನೀರು ಸಿಗ್ನಲ್ ಪೆಟ್ಟಿಗೆಗೆ ಇಳಿಯುತ್ತದೆಯೇ, ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಎಷ್ಟು ನಿಲ್ಲುತ್ತದೆ ಎಂದು ಮೊದಲೇ ತಿಳಿದಿರಬೇಕು. ಟ್ಯಾಂಕರಿನಿಂದ ಹಳಿಗೆ ಚಿಮುಕಿಸುವ ನೀರು ನಿಯಮವನ್ನು ತೃಪ್ತಿಪಡಿಸುತ್ತದೆ. ಒಂದು ಪೂರ್ತಿ ಮಳೆಗಾಲ ನನ್ನನ್ನು ತೃಪ್ತಿಪಡಿಸುತ್ತದೆ.

6. ಚಾಲಕನಿಲ್ಲದ ರೈಲಿಗೆ ಹೆಚ್ಚು ಕಣ್ಣು ಬೇಕು

ಎರಡನೇ ಹಂತದ ರೈಲುಗಳು ಚಾಲಕನಿಲ್ಲದೆ ಓಡಲೆಂದೇ ತಯಾರಾದವು. ಆಂಧ್ರದ ಶ್ರೀಸಿಟಿಯ ಆಲ್‌ಸ್ಟಮ್ ಕಾರ್ಖಾನೆಯಿಂದ ಬಂದವು. ರೈಲಿನ ಮುಂದೆ ಹಳಿಯ ಮೇಲೆ ಏನಾದರೂ ಬಿದ್ದಿದ್ದರೆ ತಾನೇ ಗುರುತಿಸಬೇಕು. ಪ್ಲಾಟ್‌ಫಾರ್ಮ್ ಗೇಟುಗಳಿಗೆ ಬಾಗಿಲು ಸರಿಹೊಂದುವಂತೆ ತಾನೇ ನಿಲ್ಲಬೇಕು. ಒಳಗೆ ಹೊಗೆ ಬಂದರೆ ನಿಯಂತ್ರಣ ಕೇಂದ್ರಕ್ಕೆ ತಾನೇ ತಿಳಿಸಬೇಕು. ಚಾಲಕನೊಬ್ಬ ಅಭ್ಯಾಸದಿಂದ ಮಾಡುತ್ತಿದ್ದ ಪ್ರತಿಯೊಂದು ಚಿಕ್ಕ ಕೆಲಸವನ್ನೂ ಈಗ ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ನಿಲ್ದಾಣಕ್ಕೆ ಬಂದ ರೈಲು ಒಂದು ಗೇಣು ಮುಂದೆ ಸರಿದು ಮತ್ತೆ ನಿಲ್ಲುವುದನ್ನು ನೋಡಿದರೆ ಅದು ಈ ಅಭ್ಯಾಸವೇ.

ದಿಲ್ಲಿಯ ಪ್ರಸಂಗ ಇಲ್ಲಿ ನೆನಪಿಡುವಂಥದು. 2017ರ ಡಿಸೆಂಬರ್ 19ರಂದು, ಮಜೆಂಟಾ ಮಾರ್ಗ ತೆರೆಯಲು ಆರು ದಿನ ಇರುವಾಗ, ಕಾಳಿಂದಿ ಕುಂಜ್ ಡಿಪೊದಲ್ಲಿ ಚಾಲಕರಹಿತ ತಂತ್ರಜ್ಞಾನದ ಹೊಸ ರೈಲೊಂದು ಉರುಳಿ ಕಾಂಪೌಂಡ್ ಗೋಡೆಯನ್ನು ಒಡೆದು ಹೊರಬಂತು. ಯಾರಿಗೂ ಗಾಯವಾಗಲಿಲ್ಲ. ಬ್ರೇಕಿನ ಸ್ಥಿತಿ ನೋಡಿಕೊಳ್ಳದೆ ರೈಲನ್ನು ಸರಿಸಿದ ಮಾನವ ಲೋಪ ಎಂದು ದಿಲ್ಲಿ ಮೆಟ್ರೋ ಸಂಸ್ಥೆಯೇ ಹೇಳಿತು. ಯಂತ್ರ ಎಷ್ಟೇ ಜಾಣವಾದರೂ ಅದನ್ನು ಡಿಪೊದಿಂದ ಹೊರತೆಗೆಯುವ ಕೈಗೆ ನಿದ್ದೆ ಸಾಕಾಗಿರಬೇಕು, ಅವಸರ ಇರಬಾರದು.

7. ಕಾಯುವುದನ್ನೂ ಪರೀಕ್ಷಿಸುವುದನ್ನೂ ಬೇರೆ ಮಾಡಿ ನೋಡಿ

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 19.15 ಕಿ.ಮೀ., 16 ನಿಲ್ದಾಣ. ಹಳಿ, ನಿಲ್ದಾಣ ಎಲ್ಲ ಇದ್ದರೂ ಓಡಿಸಲು ರೈಲೇ ಇರಲಿಲ್ಲ. ಚೀನಾದಿಂದ ಮೊದಲ ರೈಲು ಬಂದದ್ದು 2024ರ ಫೆಬ್ರುವರಿಯಲ್ಲಿ, ಪ್ರಾಯೋಗಿಕ ಸಂಚಾರ ಮಾರ್ಚ್‌ನಲ್ಲಿ, ಜನರಿಗೆ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಅದೂ ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ. ಸಿಲ್ಕ್‌ಬೋರ್ಡ್‌ನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡವರ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟು ಹೋಗಿ ತಾಗಿದ್ದು ಹಲವೊಮ್ಮೆ ಪರೀಕ್ಷೆಗೆ. ‘ರೈಲು ಓಡುತ್ತಿದೆಯಲ್ಲ, ಜನರನ್ನು ಹತ್ತಿಸಿಕೊಳ್ಳಲು ಏನು ಕಷ್ಟ?’ ಎಂದು ಕೇಳಿದವರು ಬಹಳ.

ಗುತ್ತಿಗೆ ತಡವಾದದ್ದಕ್ಕೆ, ಬೋಗಿ ಬಾರದ್ದಕ್ಕೆ, ಕಡತ ಮಲಗಿದ್ದಕ್ಕೆ ಎಷ್ಟು ಬೇಕಾದರೂ ದೂರಿ. ಪರೀಕ್ಷೆಗೆ ಬೇಕಾದ ದಿನಗಳನ್ನು ಮಾತ್ರ ಕಿತ್ತುಕೊಳ್ಳಬೇಡಿ. ಮೊದಲಿನ ತಡವನ್ನು ಕೊನೆಯ ಪರೀಕ್ಷೆಯಲ್ಲಿ ಸರಿದೂಗಿಸುವ ಆಸೆ ಎಲ್ಲ ಯೋಜನೆಗಳಲ್ಲೂ ಹುಟ್ಟುತ್ತದೆ, ಅತ್ಯಂತ ಅಪಾಯದ್ದು ಅದೇ.

8. ದಿನಾಂಕಕ್ಕಾಗಿ ಮಟ್ಟ ಇಳಿಸಿದರೆ ಏನಾಗುತ್ತದೆ

ಕೆನಡಾದ ರಾಜಧಾನಿ ಒಟ್ಟಾವದ ಲೈಟ್ ರೈಲ್ ಮಾರ್ಗ 2019ರ ಸೆಪ್ಟೆಂಬರ್ 14ರಂದು ತೆರೆಯಿತು. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ, ಜನರಿಲ್ಲದೆ ಪೂರ್ಣ ವೇಳಾಪಟ್ಟಿಯಂತೆ ಓಡಿಸಿ ನೋಡುವ 12 ದಿನಗಳ ಪರೀಕ್ಷೆ ಇತ್ತು. ರೈಲುಗಳು ಆ ಮಟ್ಟ ಮುಟ್ಟಲು ಒದ್ದಾಡಿದವು. ಆಗ ನಡುವೆಯೇ ತೇರ್ಗಡೆಯ ಮಟ್ಟವನ್ನು ಇಳಿಸಲಾಯಿತು. ತೆರೆದ ಮೇಲೆ ಬಾಗಿಲುಗಳು ಸಿಕ್ಕಿಕೊಂಡವು, ಚಳಿಗಾಲದಲ್ಲಿ ರೈಲುಗಳು ನಿಂತವು, 2021ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಎರಡು ಸಲ ಹಳಿ ತಪ್ಪಿದವು. ನ್ಯಾಯಮೂರ್ತಿ ವಿಲಿಯಂ ಹೌರಿಗನ್ ಅವರ ಸಾರ್ವಜನಿಕ ವಿಚಾರಣಾ ಆಯೋಗ 2022ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಪರೀಕ್ಷೆಯ ಮಟ್ಟ ಇಳಿಸಿದ್ದನ್ನು ಜನರು ಆರಿಸಿದ ನಗರಸಭೆಯ ಸದಸ್ಯರಿಗೆ ತಿಳಿಸಿರಲಿಲ್ಲ ಎಂಬುದು ಅದರಲ್ಲಿನ ಅತಿ ಕಟುವಾದ ಮಾತುಗಳಲ್ಲಿ ಒಂದು.

ಒಟ್ಟಾವದ ಇಂಜಿನಿಯರುಗಳು ಕೆಟ್ಟವರಾಗಿರಲಿಲ್ಲ. ಮಾರ್ಗ ಆಗಲೇ ಒಂದು ವರ್ಷಕ್ಕೂ ಹೆಚ್ಚು ತಡವಾಗಿತ್ತು, ಊರು ಸಿಟ್ಟಾಗಿತ್ತು, ಎಲ್ಲರಿಗೂ ಒಂದು ದಿನಾಂಕ ಬೇಕಿತ್ತು. ಇದರಲ್ಲಿ ನಮಗೆ ಪರಿಚಿತವಲ್ಲದ್ದು ಯಾವುದಿದೆ? ಚುನಾವಣೆಯ ಲೆಕ್ಕ, ಗಣ್ಯರ ಬಿಡುವು, ಮುಹೂರ್ತ, ಇವು ನಮ್ಮ ಕಡೆ ಇನ್ನೂ ಜೋರು. ಅದಕ್ಕೆಂದೇ ಹೇಳುತ್ತೇನೆ: ತೇರ್ಗಡೆಯ ಮಟ್ಟವನ್ನು ಪರೀಕ್ಷೆಗೆ ಮೊದಲೇ ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕು. ನಡುವೆ ಬದಲಿಸಲೇಬೇಕಾದರೆ ಯಾರು, ಏಕೆ ಬದಲಿಸಿದರು ಎಂದೂ ಪ್ರಕಟಿಸಬೇಕು. ಜನ ಅಷ್ಟು ಅರ್ಥಮಾಡಿಕೊಳ್ಳದವರಲ್ಲ.

9. ಮೇಲೆ ನೋಡುವವರು ಕೆಳಗನ್ನೂ ನೋಡಿ

ಒಂದು ತುಂಡಿನಲ್ಲಿ ರೈಲು ಓಡುತ್ತಿರುವಾಗ ಪಕ್ಕದ ತುಂಡಿನಲ್ಲಿ ಇನ್ನೂ ಗರ್ಡರ್ ಏರಿಸುತ್ತಿರುತ್ತಾರೆ. 2025ರ ಜೂನ್ 12ರ ರಾತ್ರಿ ಇದೇ ಮೌಂಟ್–ಪೂನಮಲ್ಲಿ ರಸ್ತೆಯಲ್ಲಿ, ರಾಮಾಪುರಂ ಬಳಿ, ಇನ್ನೊಂದು ಕಾರಿಡಾರಿನ ಗರ್ಡರ್‌ಗಳು ಬಿದ್ದು ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ಸತ್ತರು. ಪರೀಕ್ಷೆ ನೋಡಲು ಗಾಡಿಯನ್ನು ಕಂಬದ ಬುಡದಲ್ಲಿ ನಿಲ್ಲಿಸಬೇಡಿ, ಬ್ಯಾರಿಕೇಡಿನ ಒಳಗೆ ಕಾಲಿಡಬೇಡಿ, ಡ್ರೋನ್ ಹಾರಿಸಬೇಡಿ. ಆಳ್ವಾರ್‌ತಿರುನಗರ್, ವಳಸರವಾಕ್ಕಂ ಕಡೆ ಎರಡು ಕಾರಿಡಾರ್‌ಗಳು ಒಂದರ ಮೇಲೊಂದು ಸಾಗುವುದರಿಂದ ಅಲ್ಲಿ ಈ ಎಚ್ಚರ ಇಮ್ಮಡಿ ಬೇಕು.

10. ತೀರ್ಪು ಹೇಳುವವರು ಬೇರೆಯವರಾಗಿರಬೇಕು, ತೀರ್ಪು ಎಲ್ಲರಿಗೂ ಸಿಗಬೇಕು

ನಮ್ಮ ದೇಶ ಈ ವಿಷಯದಲ್ಲಿ ಬಹಳ ಹಿಂದೆಯೇ ಒಂದು ಒಳ್ಳೆಯ ಕೆಲಸ ಮಾಡಿದೆ. ರೈಲು ಓಡಿಸುವವರೇ ಅದರ ಸುರಕ್ಷತೆಯ ತೀರ್ಪು ಕೊಡಬಾರದೆಂದು 1941ರಲ್ಲಿ ರೈಲ್ವೆ ತನಿಖಾ ವಿಭಾಗವನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಿದರು. ಇಂದಿಗೂ ಸುರಕ್ಷತಾ ಆಯುಕ್ತರು ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ. 2002ರ ಮೆಟ್ರೋ ಕಾಯ್ದೆಯ ಪ್ರಕಾರ ಆಯುಕ್ತರು ಪರಿಶೀಲಿಸಿ ವರದಿ ಕೊಡದೆ ಯಾವ ಮೆಟ್ರೋ ಮಾರ್ಗವೂ ಜನರನ್ನು ಹತ್ತಿಸಿಕೊಳ್ಳುವಂತಿಲ್ಲ. ಅವರು ಟ್ರಾಲಿಯಲ್ಲಿ ಕುಳಿತು, ಇಳಿದು ನಡೆದು, ಹಳಿ, ನಿಲ್ದಾಣ, ಬೆಂಕಿ ನಂದಿಸುವ ವ್ಯವಸ್ಥೆ ನೋಡಿ, ಕೊನೆಗೆ ಪೂರ್ಣ ವೇಗದ ರೈಲಿನಲ್ಲಿ ಸಾಗುತ್ತಾರೆ. ಅನುಮತಿ ಕೊಡುವಾಗ ಇಂತಿಂಥದ್ದನ್ನು ಸರಿಪಡಿಸಿ ಎಂದು ಷರತ್ತುಗಳನ್ನೂ ಹಾಕುತ್ತಾರೆ.

ನನ್ನ ಕೋರಿಕೆ ಆ ಷರತ್ತುಗಳ ಬಗ್ಗೆ. ಹೊಸ ಮಾರ್ಗ ತೆರೆಯುವ ದಿನ, ಯಾವ ಷರತ್ತು ಹಾಕಿದ್ದರು, ಯಾವುದು ಪೂರೈಸಿತು, ಯಾವುದು ಬಾಕಿ ಎಂಬುದನ್ನು ಒಂದು ಹಾಳೆಯಲ್ಲಿ, ಸರಳ ಮಾತಿನಲ್ಲಿ, ಪ್ರತಿ ನಿಲ್ದಾಣದ ಟಿಕೆಟ್ ಕೌಂಟರಿನ ಪಕ್ಕ ಅಂಟಿಸಿ. ಚೆನ್ನೈಯಲ್ಲಿ ತಮಿಳಿನಲ್ಲಿ, ಬೆಂಗಳೂರಿನಲ್ಲಿ ಕನ್ನಡದಲ್ಲಿ. ಬೆಂಗಳೂರಿನ ಓದುಗರೇ, ನಿಮ್ಮಲ್ಲಿ ಗುಲಾಬಿ, ನೀಲಿ ಮಾರ್ಗಗಳಲ್ಲಿ ಖಾಲಿ ರೈಲು ಓಡುವಾಗ ‘ಯಾವಾಗ ತೆರೆಯುತ್ತದೆ?’ ಎಂದು ಕೇಳುವ ಮೊದಲು ‘ಏನೇನು ಪರೀಕ್ಷಿಸಿದಿರಿ?’ ಎಂದು ಕೇಳಿ.